ಇಲಿಶ್ ನದಿಯದ್ದೋ, ಕಡಲಿನದ್ದೋ?

ಪ್ರಶ್ನೆ: ಮೊದಲ ಸಲ ಇಲಿಶ್ ಮೀನು ಕೊಂಡೆ. ಅಂಗಡಿಯವರು ‘ನದಿ ಮೀನು’ ಅಂದರು. ಪಕ್ಕದ ಮನೆಯ ಬಂಗಾಳಿ ಅಜ್ಜಿ ‘ಇದು ಸಮುದ್ರದ್ದೇ’ ಅಂತಾರೆ. ಯಾರ ಮಾತು ಸರಿ? ಸಾಲ್ಮನ್ ಹಾಗೆ ಇದೂ ಮೊಟ್ಟೆ ಇಟ್ಟು ಸತ್ತುಹೋಗುತ್ತದೆಯೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇಬ್ಬರದೂ ಸರಿ. ಇಲಿಶ್ ನಮ್ಮ ಕರಾವಳಿಯ ಬೂತಾಯಿಗೆ ದೊಡ್ಡ ಬಂಧು. ಹುಟ್ಟುವುದು ಸಿಹಿನೀರಿನಲ್ಲಿ, ಬೆಳೆದು ಕೊಬ್ಬುವುದು ಬಂಗಾಳ ಕೊಲ್ಲಿಯಲ್ಲಿ. ಮೊಟ್ಟೆ ಇಡಲು ಮತ್ತೆ ಹೊಳೆಗೇ ಬರುತ್ತದೆ. ಸಾಯುವುದಿಲ್ಲ. ಪೆಸಿಫಿಕ್ ಸಾಲ್ಮನ್‌ಗಳಿಗೆ ಅದೇ ಕೊನೆಯ ಪಯಣ. ಇಲಿಶ್ ಕಡಲಿಗೆ ಮರಳಿ ಇನ್ನೊಮ್ಮೆ ಬರಬಲ್ಲದು.

ಮೀನುಗಾರಿಕೆ ಪಾಠ ಹೇಳುತ್ತಿದ್ದ ಕಾಲದಲ್ಲಿ ಒಂದು ಶ್ರಾವಣ ವಿದ್ಯಾರ್ಥಿಗಳನ್ನು ಗೋದಾವರಿಯ ಧವಳೇಶ್ವರಕ್ಕೆ ಕರೆದೊಯ್ದಿದ್ದೆ. ಕೆಂಪು ಹೊಸನೀರು ಬಂದಿತ್ತು. ಅಲ್ಲಿ ಇದೇ ಮೀನು ಕಡಲಲ್ಲಿ ಸಿಕ್ಕರೆ ವಿಲಸ, ಪ್ರವಾಹಕ್ಕೆ ಎದುರೀಜಿ ನದಿಗೆ ಬಂದರೆ ಪುಲಸ. ‘ತಾಳಿ ಮಾರಿಯಾದರೂ ಪುಲಸ ತಿನ್ನಬೇಕು’ ಅನ್ನುತ್ತಾರೆ ತೆಲುಗರು. ದೋಣಿಯವರೊಬ್ಬರು ಬಲೆಯಿಂದ ಬಿಡಿಸಿ ಕೈಗಿತ್ತ ಮೀನಿನ ಹೊಟ್ಟೆ ತತ್ತಿಯಿಂದ ಬಿಗಿದಿತ್ತು. ಹಿಡಿದುಕೊಂಡಿದ್ದಂತೆಯೇ ಪ್ರಾಣ ಹೋಯಿತು. ಇಲಿಶ್ ನೀರು ಬಿಟ್ಟರೆ ಬಹಳ ಹೊತ್ತು ಬದುಕುವುದಿಲ್ಲ. ಆ ಭಾರ ಈಗಲೂ ಅಂಗೈಯಲ್ಲಿದೆ.

ಉಪ್ಪುನೀರಿನಿಂದ ಸಿಹಿನೀರಿಗೆ ಬರುವುದು ಸಾಮಾನ್ಯ ಸಾಹಸವಲ್ಲ. ಕಡಲಲ್ಲಿ ಮೀನಿನ ಮೈಯ ನೀರು ಹೊರಗೆ ಸೋರಿಹೋಗುತ್ತದೆ. ಆದ್ದರಿಂದ ಅದು ನೀರು ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ನದಿಯಲ್ಲಿ ಎಲ್ಲ ತಿರುಗಾಮುರುಗಾ: ನೀರು ತಾನಾಗಿ ಒಳನುಗ್ಗುತ್ತದೆ, ಅದನ್ನು ತೆಳು ಮೂತ್ರವಾಗಿ ಚೆಲ್ಲಬೇಕು, ಅದೇ ಕಿವಿರುಗಳಿಂದ ಉಪ್ಪನ್ನು ಹೀರಿಕೊಳ್ಳಬೇಕು.

ದೊಡ್ಡ ಹೆಣ್ಣುಮೀನು ಹತ್ತು ಲಕ್ಷಕ್ಕೂ ಮೀರಿ ಮೊಟ್ಟೆ ಇಡುತ್ತದೆ. ಸುಮಾರು ಒಂದು ದಿನದಲ್ಲಿ ಅವು ಒಡೆಯುತ್ತವೆ. ಮರಿಗಳು ಕೆಲವು ತಿಂಗಳು ನದಿಯ ಸೂಕ್ಷ್ಮಜೀವಿಗಳನ್ನು ಸೋಸಿ ತಿಂದು, ಮೆಲ್ಲಗೆ ಅಳಿವೆಯತ್ತ ಇಳಿಯುತ್ತವೆ. ಬಾಂಗ್ಲಾದೇಶದಲ್ಲಿ ಈ ಮರಿಗಳಿಗೆ ‘ಜಾಟ್ಕಾ’ ಎಂದೇ ಹೆಸರು. ಆಶ್ವಯುಜದ ಹುಣ್ಣಿಮೆಯ ಆಸುಪಾಸಿನಲ್ಲಿ ಮೊಟ್ಟೆ ಇಡುವ ಭರಾಟೆ ಹೆಚ್ಚು, ಹಾಗಾಗಿ ಅಲ್ಲಿ 22 ದಿನ ಇಲಿಶ್ ಹಿಡಿಯುವುದನ್ನೇ ನಿಲ್ಲಿಸುತ್ತಾರೆ.

ಗಂಗೆಯಲ್ಲಿ ಹಿಂದೆ ಇದು ಅಲಹಾಬಾದಿನವರೆಗೂ ಹೋಗುತ್ತಿತ್ತು. 1975ರಲ್ಲಿ ಪಶ್ಚಿಮ ಬಂಗಾಳದಲ್ಲಿ ನದಿಗೆ ಅಡ್ಡಲಾಗಿ ಫರಕ್ಕಾ ಬ್ಯಾರೇಜ್ ಆದ ಮೇಲೆ ಬಿಹಾರದ ಮೀನುಗಾರರ ಬಲೆಗೆ ಇಲಿಶ್ ಅಪರೂಪವಾಯಿತು. ಒಂದು ಗೋಡೆ ಇಷ್ಟು ಜನರ ಅನ್ನ ಕಿತ್ತುಕೊಂಡಿತಲ್ಲ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ನಿಮ್ಮ ಕೈಲಿ ಆಗುವುದೊಂದಿದೆ. ಪಶ್ಚಿಮ ಬಂಗಾಳದಲ್ಲಿ 23 ಸೆಂ.ಮೀ.ಗಿಂತ ಚಿಕ್ಕ ಇಲಿಶ್ ಹಿಡಿಯುವಂತಿಲ್ಲ, ಅಂದರೆ ಹೆಚ್ಚುಕಡಿಮೆ ಒಂದು ಗೇಣು. ಅಂಗಡಿಯಲ್ಲಿ ಕೈಯಿಟ್ಟು ಅಳೆಯಿರಿ. ಗೇಣು ತುಂಬದ್ದನ್ನು ಕೊಳ್ಳಬೇಡಿ.