ಆಯುಧ ಪೂಜೆಯ ದಿನ ಸಿಕ್ಕ ಲೆಕ್ಕ

ನಾನು ಆಪ್ತಸಲಹೆಗಾರ್ತಿ. ಇಂಥ ಪ್ರಕರಣ ನನ್ನ ಮುಂದೆ ಬಂದಿದ್ದು ಇದು ಮೂರನೇ ಸಲ. ಮೊದಲನೆಯದು ಗ್ಯಾರೇಜಿನದು, ಎರಡನೆಯದು ಸೆಂಟ್ರಿಂಗ್ ಕೆಲಸದವರದು. ಮೂರರಲ್ಲೂ ಸಾಮಾನು ಕಳೆದಿತ್ತು, ಮೂರರಲ್ಲೂ ಮನೆಯವನೇ ಆದ ಒಬ್ಬ ಹುಡುಗನ ಮೇಲೆ ಅನುಮಾನ ಬಿದ್ದಿತ್ತು. ಈ ಸಲ ಆ ಹುಡುಗ ಹೇಳಿದ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಅದಕ್ಕೇ ಬರೆಯುತ್ತಿದ್ದೇನೆ. ಇಬ್ಬರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಬಂದವರು ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. ಮನೆ ಮತ್ತು ಸಣ್ಣ ಅಪಾರ್ಟ್‌ಮೆಂಟ್‌ಗಳ ವೈರಿಂಗ್ ಕೆಲಸ. ಇಬ್ಬರು ವೈರ್‌ಮನ್, ನಾಲ್ವರು ಹೆಲ್ಪರ್, ಒಂದೇ ಹೊತ್ತಿಗೆ ಮೂರು ಸೈಟು. ಹೆಂಡತಿ ಒತ್ತಾಯ ಮಾಡಿ ಕರೆತಂದಿದ್ದರು. "ರಾತ್ರಿ ನಿದ್ದೆ ಇಲ್ಲ ಮೇಡಂ. ಮಾತೆತ್ತಿದರೆ ರೇಗ್ತಾರೆ. ನಮ್ಮ ಅಕ್ಕನ ಮನೆಗೆ ಹೋಗೋ ಹಾಗೇ ಇಲ್ಲ." ಹೆಲ್ಪರ್‌ಗಳಲ್ಲಿ ಒಬ್ಬ ಆ ಅಕ್ಕನ ಮಗ. ಹತ್ತೊಂಬತ್ತು ವರ್ಷ. ಇವರನ್ನು ಚಿಕ್ಕಪ್ಪ ಎಂದೇ ಕರೆಯುವವನು.

ನಡೆದಿದ್ದು ಇಷ್ಟು. ಆಯುಧ ಪೂಜೆಗೆ ಎಲ್ಲ ಸೈಟಿನಿಂದ ಸಾಮಾನು ತರಿಸಿ, ಒರೆಸಿ, ಸಾಲಾಗಿ ಇಟ್ಟು ಕುಂಕುಮ ಹಚ್ಚುವಾಗ ಕೊರತೆ ಕಂಡಿದೆ. ಕೇಬಲ್ ತುದಿಗೆ ಲೋಹದ ಲಗ್ ಒತ್ತುವ ಕ್ರಿಂಪಿಂಗ್ ಟೂಲ್ ಇಲ್ಲ, ಒಂದು ಹ್ಯಾಮರ್ ಡ್ರಿಲ್ ಇಲ್ಲ, ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಇಲ್ಲ, ಕಟಿಂಗ್ ಪ್ಲೇಯರ್ ಐದು ಕಡಿಮೆ. ಒಟ್ಟು ಹದಿನೆಂಟು ಸಾವಿರದ ಹತ್ತಿರ. ಅದರ ಹಿಂದಿನ ವಾರವಷ್ಟೇ ಹುಡುಗ ಹೊಸ ಫೋನ್ ತಗೊಂಡಿದ್ದ. ಇವರಿಗೆ ಅಷ್ಟೇ ಸಾಕಾಯಿತು. ಎಲ್ಲರ ಮುಂದೆ ಅವನ ಚೀಲ ಸುರಿಸಿ ನೋಡಿದರು. ಏನೂ ಸಿಗಲಿಲ್ಲ. ಆದರೂ ಸಂಬಳದಲ್ಲಿ 4,200 ರೂಪಾಯಿ ಹಿಡಿದು ಊರಿಗೆ ಕಳಿಸಿದರು.

ಮೊದಲ ದಿನ ನಾನು ಒಂದೇ ಪ್ರಶ್ನೆ ಕೇಳಿದೆ. "ಕ್ರಿಂಪಿಂಗ್ ಟೂಲನ್ನು ಕಡೇ ಸಲ ನಿಮ್ಮ ಕಣ್ಣಿಂದ ನೋಡಿದ್ದು ಯಾವಾಗ?" ಅದರ ಬೆಲೆ, ತಂದ ಅಂಗಡಿ, ತಂದ ವರ್ಷ ಎಲ್ಲ ಹೇಳಿದರು. ನೋಡಿದ್ದು ಯಾವಾಗ ಎಂದು ಹೇಳಲು ಆಗಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಹೋದ ವರ್ಷದ ಪೂಜೇಲಿ ಇತ್ತು" ಎಂದರು. ಅಂದರೆ ಎಲ್ಲ ಸಾಮಾನನ್ನು ಅವರು ಒಟ್ಟಿಗೆ ನೋಡುತ್ತಿದ್ದುದು ವರ್ಷಕ್ಕೆ ಒಂದೇ ದಿನ. ಹನ್ನೆರಡು ತಿಂಗಳಲ್ಲಿ ಒಂದೊಂದಾಗಿ ಹೋದದ್ದು ಒಂದೇ ಬೆಳಿಗ್ಗೆ ಕಣ್ಣಿಗೆ ಬಿದ್ದಿತ್ತು. ಅಷ್ಟೂ ಒಬ್ಬನೇ ಕದ್ದ ಹಾಗೆ ಕಂಡಿತ್ತು.

ಎರಡನೇ ಭೇಟಿಗೆ ಹುಡುಗನನ್ನು ಕರೆಸಿದೆ. ಚಿಕ್ಕಮ್ಮನ ಜೊತೆ ಬಂದ. ಕುರ್ಚಿಯ ತುದಿಯಲ್ಲಿ ಕೂತ. "ನೀನು ತಗೊಂಡೆಯಾ?" ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆಗೆ ಹೌದು ಅಂದರೂ ಇಲ್ಲ ಅಂದರೂ ಆ ಹೊತ್ತಿಗೆ ಯಾರೂ ನಂಬುತ್ತಿರಲಿಲ್ಲ. "ಸೈಟಲ್ಲಿ ಸಾಮಾನು ಹೇಗೆ ಹೇಗೆ ಕಳೆಯುತ್ತೆ ಹೇಳಪ್ಪ" ಎಂದೆ.

ಸ್ವಲ್ಪ ತಡೆದು ಶುರು ಮಾಡಿದ. ಪ್ಲಂಬರ್ "ಐದು ನಿಮಿಷ ಡ್ರಿಲ್ ಕೊಡು" ಅಂತಾನೆ, ಆ ಐದು ನಿಮಿಷ ಮುಗಿಯೋದೇ ಇಲ್ಲ. ಫಾಲ್ಸ್ ಸೀಲಿಂಗ್ ಮೇಲೆ ಪ್ಲೇಯರ್ ಇಟ್ಟು ಇಳೀತೀವಿ, ಮಾರನೇ ದಿನ ಅವರು ಬೋರ್ಡ್ ಮುಚ್ಚಿಬಿಟ್ಟಿರ್ತಾರೆ. ಗೋಡೆ ಕಟಿಂಗ್ ಮಾಡಿದ ಮಣ್ಣಿನ ಜೊತೆ ಡ್ರಿಲ್ ಬಿಟ್, ಉಳಿ ಎಲ್ಲ ಕಸದ ಚೀಲಕ್ಕೆ ಹೋಗುತ್ತೆ. ಸಂಜೆ ಬಸ್ಸಿಗೆ ಓಡುವಾಗ ಕರೆಂಟ್ ಹಂಚುವ ಡಿಬಿ ಬಾಕ್ಸ್ ಒಳಗೇ ಏನಾದರೂ ಉಳಿಯುತ್ತೆ. ಒಂದು ಸೈಟಿನದು ಅರ್ಜೆಂಟ್ ಅಂತ ಇನ್ನೊಂದಕ್ಕೆ ಬೈಕಲ್ಲಿ ಹೋಗುತ್ತೆ. "ಅದನ್ನ ಜಾಸ್ತಿ ತಗೊಂಡು ಹೋಗೋದು ನೀವೇ ಚಿಕ್ಕಪ್ಪ" ಎಂದ. ಅವರು ತಲೆ ಎತ್ತಲಿಲ್ಲ.

"ನೀನು ಏನಾದರೂ ಕಳೆದಿದ್ದೀಯಾ?" ಎಂದು ಆಗ ಕೇಳಿದೆ.

"ಟೆಸ್ಟರ್ ಕಳೆದೆ ಮೇಡಂ. ಹೇಳಿದ್ರೆ ಸಂಬಳದಲ್ಲಿ ಹಿಡೀತಾರೆ, ಎಲ್ಲರ ಮುಂದೆ ಬೈತಾರೆ ಅಂತ ಹೇಳಲಿಲ್ಲ. ಹತ್ತು ದಿನ ಟೆಸ್ಟರ್ ಇಲ್ಲದೆ ಕೆಲಸ ಮಾಡಿದೆ. ಮೇನ್ ಆಫ್ ಮಾಡಿದೀವಿ ಅಂತ ಯಾರಾದ್ರೂ ಕೂಗಿದ್ರೆ ಅದನ್ನೇ ನಂಬಿ ಕೈ ಹಾಕ್ತಿದ್ದೆ."

ಕೊಠಡಿಯಲ್ಲಿ ಯಾರೂ ಮಾತಾಡಲಿಲ್ಲ. ಕಾಂಟ್ರಾಕ್ಟರ್‌ಗೆ ಆ ಮಾತಿನ ಅರ್ಥ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಮನೆಯ ಲೈನಲ್ಲಿರುವುದು 230 ವೋಲ್ಟ್. ವೈರಲ್ಲಿ ಕರೆಂಟ್ ಇದೆಯೋ ಇಲ್ಲವೋ ತೋರಿಸುವ ಟೆಸ್ಟರ್‌ಗೆ ನೂರು ರೂಪಾಯಿಯೂ ಇಲ್ಲ. ಅಷ್ಟಕ್ಕೆ ಹೆದರಿ ಹುಡುಗ ಹತ್ತು ದಿನ ಜೀವ ಒತ್ತೆ ಇಟ್ಟಿದ್ದ. ಅವರು ಎದ್ದು ಕಿಟಕಿ ಹತ್ತಿರ ಹೋಗಿ ನಿಂತರು. ಆಮೇಲೆ ಕೇಳಿದರು, "ಯಾವ ಸೈಟಲ್ಲಿ ಕಣೋ?" ಅಷ್ಟೂ ದಿನಗಳಲ್ಲಿ ಅವರು ಅವನನ್ನು ಕೇಳಿದ ಮೊದಲ ಪ್ರಶ್ನೆ ಅದು. ಅಲ್ಲಿವರೆಗೆ ಬರೀ ಆರೋಪಗಳೇ.

ನಾನು ಕೊಟ್ಟ ಸಲಹೆ ಕೇಳಿ ನನ್ನ ಜೊತೆ ಕೆಲಸ ಮಾಡುವ ಒಬ್ಬರು, "ಇದು ಆಪ್ತಸಲಹೆಯೋ ಸ್ಟೋರ್‌ಕೀಪರ್ ಕೆಲಸವೋ?" ಎಂದರು. ಅವರ ಪ್ರಕಾರ ನಾನು ಅನುಮಾನ, ಕೋಪ, ಕ್ಷಮೆಯ ಬಗ್ಗೆ ಮಾತಾಡಬೇಕಿತ್ತು. ನಾನು ಒಪ್ಪುವುದಿಲ್ಲ. ಲೆಕ್ಕವೇ ಇಲ್ಲದ ಕಡೆ ಮನಸ್ಸು ತನಗೆ ತೋಚಿದ ಲೆಕ್ಕ ಹಾಕುತ್ತದೆ. ಈ ಮನುಷ್ಯ ಕೆಟ್ಟವರಲ್ಲ. ಅವರ ಹತ್ತಿರ ಪುಸ್ತಕ ಇರಲಿಲ್ಲ, ಅದಕ್ಕೇ ಹುಡುಗನ ಫೋನನ್ನೇ ಪುಸ್ತಕ ಮಾಡಿಕೊಂಡರು. ಆ ಸ್ಥಿತಿಯಲ್ಲಿ ಕ್ಷಮೆಯ ಮಾತು ಆಡಿದ್ದರೆ ಕದ್ದವನನ್ನು ಕ್ಷಮಿಸಿದ ಹಾಗೆ ಆಗುತ್ತಿತ್ತು, ಅಲ್ವಾ?

ಹಾಗಾಗಿ ಸಲಹೆ ಸಾಮಾನಿನಿಂದಲೇ ಶುರುವಾಯಿತು. ವರ್ಷಕ್ಕೊಮ್ಮೆ ಮಾಡುವುದನ್ನು ದಿನಾ ಸಂಜೆ ಮಾಡಿ ಎಂದೆ. ಕೆಲಸ ಮುಗಿಯುವ ಹತ್ತು ನಿಮಿಷ ಮೊದಲು ಪ್ರತಿ ಸೈಟಲ್ಲೂ ಗೋಣಿಚೀಲ ಹಾಸಿ, ಎಲ್ಲ ಸಾಮಾನು ಹರಡಿ, ಎಣಿಸಿ, ಒಂದು ಫೋಟೋ ತೆಗೆದು ಕಳಿಸಬೇಕು. ಆ ಹತ್ತು ನಿಮಿಷ ಕೂಲಿಯ ಹೊತ್ತಿನ ಒಳಗೇ ಇರಬೇಕು. ಹುಡುಗರ ಬಸ್ಸಿನ ಹೊತ್ತನ್ನು ಕಿತ್ತುಕೊಂಡರೆ ಎರಡೇ ದಿನಕ್ಕೆ ನಿಂತುಹೋಗುತ್ತದೆ. ಯಾವ ಸಾಮಾನು ಯಾವ ಸೈಟಿನದು ಎಂಬ ಗುರುತಿನ ಉಪಾಯ ಕಾಂಟ್ರಾಕ್ಟರೇ ಹೇಳಿದರು. ಹೇಗೂ ಇನ್ಸುಲೇಶನ್ ಟೇಪ್ ಕೈಯಲ್ಲೇ ಇರುತ್ತದೆ. ಮೂರು ಫೇಸಿನ ಕೆಂಪು, ಹಳದಿ, ನೀಲಿಯನ್ನೇ ಮೂರು ಸೈಟಿನ ಹಿಡಿಕೆಗಳಿಗೆ ಸುತ್ತಿದರು. ಡ್ರಿಲ್, ಮೀಟರ್‌ನಂಥ ದುಬಾರಿ ಸಾಮಾನಿಗೆ ಪುಸ್ತಕದಲ್ಲಿ ಸಹಿ. ಮಾಲೀಕರು ಬೈಕಲ್ಲಿ ಒಯ್ದರೂ ಸಹಿ.

ಮುಖ್ಯವಾದ ಷರತ್ತು ಇನ್ನೊಂದಿತ್ತು. ಕಳೆದ ದಿನವೇ ಹೇಳಿದವರಿಗೆ ಬೈಗುಳವಿಲ್ಲ, ಸಂಬಳದಲ್ಲಿ ಹಿಡಿಯುವುದಿಲ್ಲ. ಟೆಸ್ಟರ್ ಇಲ್ಲ ಅಂದರೆ ಇನ್ನೊಂದು ಕೈಗೆ ಬರುವವರೆಗೆ ಕೆಲಸ ಇಲ್ಲ. ಅವರು ಇದನ್ನು ಬಲವಾಗಿ ವಿರೋಧಿಸಿದರು. "ಹಾಗಾದ್ರೆ ಎಲ್ಲರೂ ಕಳೆದೆ ಅಂತಾರೆ ಮೇಡಂ." ಅಂದಿನ ಕೊರತೆ ಅಂದೇ ಗೊತ್ತಾದರೆ ಅಂದೇ ಹುಡುಕಬಹುದು, ಸೀಲಿಂಗ್ ಮುಚ್ಚುವ ಮೊದಲೇ ಹತ್ತಿ ನೋಡಬಹುದು ಎಂದೆ. ಕಾನೂನೂ ನೆನಪಿಸಿದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಮಾತು 2019ರ ವೇತನ ಸಂಹಿತೆಯಲ್ಲೂ ಇದೆ. ಸ್ಪಷ್ಟವಾಗಿ ಒಬ್ಬರ ಸುಪರ್ದಿಗೆ ಒಪ್ಪಿಸಿದ ವಸ್ತು ಅವರದೇ ನಿರ್ಲಕ್ಷ್ಯದಿಂದ ಕಳೆದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು. ಅದಕ್ಕೂ ಮೊದಲು ಅವರ ಮಾತು ಕೇಳಬೇಕು. ಇಲ್ಲಿ ಒಪ್ಪಿಸಿದ್ದೂ ಇರಲಿಲ್ಲ, ಕೇಳಿದ್ದೂ ಇರಲಿಲ್ಲ.

ಚೀಲ ತಪಾಸಣೆ ಬೇಡವೇ ಬೇಡ ಎಂದೆ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ದಿನಾ ಚೀಲ ಬಿಚ್ಚಿ ತೋರಿಸುವ ಹುಡುಗ ಮುಂದೊಂದು ದಿನ ಟೆಸ್ಟರ್ ಕಳೆದರೆ ಬಾಯಿ ಬಿಡುವುದಿಲ್ಲ.

4,200 ರೂಪಾಯಿಯನ್ನು ಅವರೇ ಅಕ್ಕನ ಮನೆಗೆ ಹೋಗಿ, ಅಂದು ಚೀಲ ಸುರಿಸುವಾಗ ಇದ್ದ ವೈರ್‌ಮನ್‌ಗಳ ಎದುರಿಗೇ ಕೊಟ್ಟು ಬಂದರು. ಒಬ್ಬೊಬ್ಬರಿಗೂ ಹೇಳಿ ಜೊತೆಗೆ ಕರೆದುಕೊಂಡು ಹೋಗಿದ್ದರು. ಹುಡುಗ ದುಡ್ಡು ತಗೊಂಡ. ಕೆಲಸಕ್ಕೆ ವಾಪಸ್ ಬರಲಿಲ್ಲ. ಈಗ ಬೇರೆಯವರ ಹತ್ತಿರ ಇದೇ ಕೆಲಸ ಮಾಡುತ್ತಿದ್ದಾನೆ. ಚಿಕ್ಕಮ್ಮ ಎರಡು ಸಲ ಫೋನ್ ಮಾಡಿ, "ನೀವೊಂದು ಮಾತು ಹೇಳಿ ಮೇಡಂ, ನಿಮ್ಮ ಮಾತು ಕೇಳ್ತಾನೆ" ಎಂದರು. ನಾನು ಹೇಳಲಿಲ್ಲ. ಬರುವುದು ಬಿಡುವುದು ಅವನಿಗೆ ಸೇರಿದ್ದು. ಹೊಸ ಕೆಲಸದಲ್ಲಿ ಟೆಸ್ಟರ್ ಕೊಟ್ಟಿದ್ದಾರಾ ಎಂದು ಮಾತ್ರ ಅವನನ್ನು ಕೇಳಿದೆ. ಮೊದಲ ದಿನವೇ ಕೊಟ್ಟರಂತೆ.