ಅಂಕಿ-ಅಂಶ ತೋರಿಸಿದರೂ ಮೀಟಿಂಗ್‌ನಲ್ಲಿ ಯಾರೂ ಒಪ್ಪುತ್ತಿಲ್ಲ. ಕಥೆ ಹೇಳುವ ಕಲೆ ಕಲಿಯಲು ಕೋರ್ಸ್ ಸೇರಬೇಕಾ?

ಲೆಕ್ಕ ಎಲ್ಲ ಸರಿ ಇರುತ್ತದೆ, ಗ್ರಾಫ್ ಇರುತ್ತದೆ, ಆದರೂ ಎಲ್ಲರೂ ತಲೆಯಾಡಿಸಿ "ಆಮೇಲೆ ನೋಡೋಣ" ಅಂತ ಎದ್ದು ಹೋಗುತ್ತಾರೆ, ಅಲ್ವಾ? ನನಗೂ ಹೀಗೇ ಆಗುತ್ತಿತ್ತು.

ನಾನಾಗ ಮನೆಬಳಕೆಯ ಯಂತ್ರ ಮಾರುವ ಒಂದು ಕಂಪನಿಯಲ್ಲಿ ಗ್ರಾಹಕರ ದೂರು ನೋಡುವ ವಿಭಾಗದಲ್ಲಿದ್ದೆ. ದೂರು ಬಂದರೆ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಲೇ ಇರುತ್ತಿತ್ತು. ಫೋನ್ ಮಾಡಿದವರು ಪ್ರತಿ ಸಲವೂ ಮೊದಲಿನಿಂದ ಹೇಳಬೇಕು. ಒಂದು ದೂರಿಗೆ ಒಬ್ಬರೇ ಹೊಣೆ, ಮುಗಿಯುವ ತನಕ ಅವರೇ ನೋಡಬೇಕು ಅನ್ನುವುದು ನನ್ನ ಯೋಜನೆ. ಸ್ಲೈಡ್ ಮೇಲೆ ಸ್ಲೈಡ್ ಹಾಕಿ ತೋರಿಸಿದೆ. ಯಾರೂ ಅಲ್ಲಾಡಲಿಲ್ಲ.

ಸರಿ, ಈ ಸಲ ಕಥೆಯನ್ನೇ ಹೇಳೋಣ ಅಂದುಕೊಂಡೆ. ತಪ್ಪು ಮಾಡಿದ್ದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ನನ್ನ ಹತ್ತಿರ ಮೂರು ನಿಜವಾದ ದೂರುಗಳಿದ್ದವು. ಒಬ್ಬರ ಫ್ರಿಜ್ ಕೆಟ್ಟು ಒಳಗಿದ್ದ ಇನ್ಸುಲಿನ್ ಹಾಳಾಗಿತ್ತು. ಇನ್ನೊಬ್ಬರು ಒಂಟಿಯಾಗಿದ್ದ ವಯಸ್ಸಾದ ಹೆಂಗಸು. ಮತ್ತೊಬ್ಬರು ಫೋನ್ ಮಾಡಿ ಮಾಡಿ ಸಾಕಾಗಿ ಕೊನೆಗೆ ಅತ್ತುಬಿಟ್ಟಿದ್ದರು. ಈ ಮೂವರನ್ನೂ ಸೇರಿಸಿ ನಾನು ಒಬ್ಬ ಅಜ್ಜಿಯನ್ನು ಮಾಡಿದೆ. ಅಜ್ಜಿಗೊಂದು ಹೆಸರನ್ನೂ ಇಟ್ಟೆ. ಇದರಲ್ಲಿ ಸುಳ್ಳೇನಿದೆ, ಎಲ್ಲವೂ ಯಾರಿಗೋ ಒಬ್ಬರಿಗೆ ಆದದ್ದೇ ತಾನೇ, ನಾನು ಸುಮ್ನೆ ಒಟ್ಟು ಮಾಡಿದ್ದೇನೆ ಅಷ್ಟೇ ಅಂತ ನನಗೆ ನಾನೇ ಹೇಳಿಕೊಂಡೆ.

ಕಥೆ ಚೆನ್ನಾಗಿಯೇ ನಾಟಿತು. ಯಾರೂ ಮೊಬೈಲ್ ಮುಟ್ಟಲಿಲ್ಲ. ಮುಗಿದ ಮೇಲೆ ನಮ್ಮ ಮುಖ್ಯಸ್ಥರು ಹೇಳಿದರು, "ಅವರ ನಂಬರ್ ಕೊಡಿ, ಈಗಲೇ ನಾನೇ ಮಾತಾಡಿ ಕ್ಷಮೆ ಕೇಳುತ್ತೇನೆ."

ಕೊಡುವುದಕ್ಕೆ ನಂಬರ್ ಎಲ್ಲಿತ್ತು? ತಡವರಿಸುತ್ತಾ ನಿಜ ಹೇಳಿದೆ. ಅವರು ಬೈಯಲಿಲ್ಲ. "ಹಾಗಾದರೆ ಗ್ರಾಫಿನಲ್ಲಿ ಇರುವುದೂ ಹೀಗೇ ಒಟ್ಟು ಮಾಡಿದ್ದಾ?" ಅಂತ ಕೇಳಿದರು. ನನ್ನ ಅಂಕಿಗಳು ಒಂದೊಂದೂ ಸರಿಯಾಗಿದ್ದವು. ಆದರೆ ಆ ಕ್ಷಣದಿಂದ ಅವನ್ನು ಯಾರೂ ನಂಬಲಿಲ್ಲ. ಯೋಜನೆ ಮೂಲೆ ಸೇರಿತು. ಆಮೇಲೆ ನಾನು ಕಳಿಸಿದ ಪ್ರತಿ ವರದಿಯನ್ನೂ ಇನ್ನೊಬ್ಬರು ಕೂತು ಪರೀಕ್ಷೆ ಮಾಡುತ್ತಿದ್ದರು. ಇನ್ಸುಲಿನ್ ಹಾಳಾದವರ ದೂರು ಒಂದೇ ಸಾಕಿತ್ತು ಅನ್ನುವುದು ಇವತ್ತಿಗೂ ನನ್ನನ್ನು ಕಾಡುತ್ತದೆ. ಅವರು ಒಪ್ಪಿದ್ದರೆ ಮುಖ್ಯಸ್ಥರು ನಿಜವಾಗಿಯೂ ಫೋನ್ ಮಾಡುತ್ತಿದ್ದರು. ಆ ಫೋನಿಗಿಂತ ದೊಡ್ಡ ವಾದ ಯಾವುದಿತ್ತು ಹೇಳಿ?

ಅದಕ್ಕೇ, ಕೋರ್ಸ್ ಬೇಡ. ನಿಮ್ಮ ಕಷ್ಟ ಕಥೆ ಹೇಳಲು ಬಾರದಿರುವುದು ಅಂತ ನನಗೆ ಅನಿಸುವುದಿಲ್ಲ. ನಿಮ್ಮ ಸ್ಲೈಡುಗಳಲ್ಲಿ ಮನುಷ್ಯರೇ ಇಲ್ಲ. ಅವರನ್ನು ಹುಡುಕಿಕೊಂಡು ಹೋಗಬೇಕು. ದೂರಿನ ಫೋನ್ ಎತ್ತುವವರ ಪಕ್ಕ ಹೋಗಿ ಕೂರಿ, ರಿಪೇರಿಗೆ ಹೋಗುವವರ ಜೊತೆ ಹೋಗಿ. ನೀವೇ ಕಂಡ ಒಂದು ಘಟನೆ ಸಿಕ್ಕರೆ ಅದನ್ನು ಹೇಳಲು ದೊಡ್ಡ ಕಲೆಯೇನೂ ಬೇಕಾಗುವುದಿಲ್ಲ.

ಅಂಕಿ-ಅಂಶ ಬಿಟ್ಟು ಬರೀ ಕಥೆ ಹೇಳಲಾ ಅಂತಲೂ ಕೇಳಿದ್ದೀರಿ. ಈ ಸಲಹೆ ಕೊಡುವವರು ಸಾಮಾನ್ಯವಾಗಿ ತೋರಿಸುವುದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು. ಸ್ಮಾಲ್, ಲೋವೆನ್‌ಸ್ಟೀನ್, ಸ್ಲೋವಿಕ್ ಅನ್ನುವ ಮೂವರು ಸಂಶೋಧಕರು ಅಮೆರಿಕದಲ್ಲಿ ಮಾಡಿದ್ದು. ಆಫ್ರಿಕಾದ ಹಸಿವಿನ ಬಗ್ಗೆ ಬರೀ ಅಂಕಿ ಓದಿದವರು ಸರಾಸರಿ 1.14 ಡಾಲರ್ ದಾನ ಕೊಟ್ಟರು. ರೋಕಿಯಾ ಅನ್ನುವ 7 ವರ್ಷದ ಹುಡುಗಿಯ ಬಗ್ಗೆ ಓದಿದವರು 2.38 ಡಾಲರ್ ಕೊಟ್ಟರು. ಹುಡುಗಿಯ ಜೊತೆ ಅಂಕಿಯನ್ನೂ ಕೊಟ್ಟಾಗ ದಾನ 1.43ಕ್ಕೆ ಇಳಿಯಿತು. ನೋಡಿದಿರಾ, ಅಂಕಿ ಸೇರಿಸಿದರೆ ಮನಸ್ಸು ತಣ್ಣಗಾಗುತ್ತದೆ, ಅದಕ್ಕೇ ಅಂಕಿ ಮುಚ್ಚಿಡಿ ಅನ್ನುತ್ತಾರೆ.

ನಾನು ಇದನ್ನು ಒಪ್ಪುವುದಿಲ್ಲ. ಒಂದು ಸಲ ದಾನ ಕೊಟ್ಟು ಹೋಗುವವರ ಮಾತು ಬೇರೆ. ನಿಮ್ಮ ಮೇಲಿನವರು ನಿಮ್ಮ ಮಾತು ಕೇಳಿ ನಾಲ್ಕು ಜನರ ಕೆಲಸ ಬದಲಿಸಬೇಕು, ಆಮೇಲೆ ಅದಕ್ಕೆ ಉತ್ತರವನ್ನೂ ಕೊಡಬೇಕು. "ಇದು ಎಲ್ಲೋ ಒಬ್ಬರಿಗೆ ಆದದ್ದಾ, ದಿನಾ ಆಗುತ್ತಾ?" ಅಂತ ಅವರು ಕೇಳಿಯೇ ಕೇಳುತ್ತಾರೆ. ಮೊದಲು ಆ ಒಬ್ಬರ ವಿಷಯ ಹೇಳಿ, ಕೂಡಲೇ ಇಂಥವರು ಎಷ್ಟು ಜನ ಅಂತ ಹೇಳಿ, ನಿಮ್ಮ ಲೆಕ್ಕಕ್ಕೆ ಹೊಂದದ ದೂರುಗಳಿದ್ದರೆ ಅವನ್ನೂ ಹೇಳಿ. ಮುಂದಿನ ಕಂಪನಿಯಲ್ಲಿ ನಾನು ಹೀಗೇ ಮಾಡಿದೆ. ಗ್ರಾಹಕರೊಬ್ಬರ ಒಪ್ಪಿಗೆ ಪಡೆದು ಅವರ ಫೋನ್ ರೆಕಾರ್ಡಿಂಗನ್ನು ಮೀಟಿಂಗ್‌ನಲ್ಲಿ ಕೇಳಿಸಿದೆ, ಮೇಲೊಂದು ಮಾತೂ ಸೇರಿಸಲಿಲ್ಲ. ಕೇಳಿದ್ದೆಲ್ಲ ಸಿಗಲಿಲ್ಲ, ಒಂದು ವಿಭಾಗಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ಆದರೆ ಯಾರೂ ಅನುಮಾನಪಡಲಿಲ್ಲ.

ಇನ್ನು ಮನೆಯವರನ್ನು ಒಪ್ಪಿಸುವುದು ಹೇಗೆ ಅಂತಲೂ ಕೇಳಿದ್ದೀರಿ. ಇಲ್ಲಿ ನನ್ನ ಅಭಿಪ್ರಾಯ ಇನ್ನೂ ಗಟ್ಟಿ. ಮನೆಯವರಿಗೆ ಕಥೆ ಹೇಳಲೇಬೇಡಿ, ಅವರಿಂದ ಹೇಳಿಸಿ. ನಮ್ಮ ಅಪ್ಪನಿಗೆ ಕಿವಿ ಮಂದವಾಗಿತ್ತು, ಶ್ರವಣಯಂತ್ರ ಬೇಡವೇ ಬೇಡ ಅನ್ನುತ್ತಿದ್ದರು. ಹಾಕಿಕೊಂಡು ಚೆನ್ನಾಗಿರುವವರ ಕಥೆ ಎಷ್ಟು ಹೇಳಿದರೂ "ಅವರಿಗೆ ಬೇಕಿತ್ತು, ನನಗೆ ಬೇಡ" ಅಂತ ಒಂದೇ ಮಾತು. ಒಂದು ದಿನ ಬೇಸತ್ತು, "ಅಪ್ಪಾ, ಈಚೆಗೆ ಮೊಮ್ಮಗಳ ಜೊತೆ ಫೋನಲ್ಲಿ ಏನು ಮಾತಾಡಿದ್ರಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವಳು ಹೇಳಿದ್ದು ಕೇಳದಿದ್ದರೂ ಹೂಂ ಹೂಂ ಅಂದಿದ್ದನ್ನು, ಅವಳು ಬೇಜಾರಾಗಿ ಫೋನ್ ಅಜ್ಜಿಗೆ ಕೊಡು ಅಂದಿದ್ದನ್ನು ತಾವೇ ಹೇಳಿದರು. ನಾನು ಏನೂ ಅನ್ನಲಿಲ್ಲ. ಆಮೇಲೆ ಪರೀಕ್ಷೆಗೆ ಹೋಗೋಣ ಅಂತ ಅವರೇ ದಿನ ಗೊತ್ತು ಮಾಡಿದರು.

ನಿಮ್ಮ ಮುಂದಿನ ಮೀಟಿಂಗ್ ಯಾವಾಗ ಅಂತ ಬರೆದಿಲ್ಲ. ಇನ್ನೂ ಟೈಮ್ ಇದ್ದರೆ ಸ್ಲೈಡ್ ತಿದ್ದುವುದನ್ನು ಬಿಟ್ಟು, ನಿಮ್ಮ ಯೋಜನೆ ಇಲ್ಲದೆ ಇವತ್ತು ತೊಂದರೆ ಪಡುತ್ತಿರುವ ಒಬ್ಬರನ್ನು ಹುಡುಕಿ ಮಾತಾಡಿಸಿ. ಅವರ ಅನುಭವವನ್ನು ಮೀಟಿಂಗ್‌ನಲ್ಲಿ ಹೇಳಬಹುದಾ ಅಂತಲೂ ಕೇಳಿ. ಬೇಡ ಅಂದರೆ ಇನ್ನೊಬ್ಬರನ್ನು ಹುಡುಕಿ.