ಹೆಲೆನ್ ಹ್ಯೂನನ್ನು ಯಾಕೆ ಬಿಟ್ಟಳು?

'ಆಲ್ ಕ್ರಿಯೇಚರ್ಸ್ ಗ್ರೇಟ್ ಅಂಡ್ ಸ್ಮಾಲ್' ಅನ್ನೋ ಬ್ರಿಟಿಷ್ ಟಿವಿ ಧಾರಾವಾಹಿ ಬಗ್ಗೆ ನೀವು ಕೇಳಿದ್ದು ಒಳ್ಳೆಯ ಪ್ರಶ್ನೆ. ರೈತನ ಮಗಳು ಹೆಲೆನ್ ಮದುವೆಯಾಗಬೇಕಿದ್ದ ಹ್ಯೂ ಕೆಟ್ಟವನಲ್ಲ, ದುಡ್ಡಿದೆ, ಜಮೀನಿದೆ. ಆದರೂ ಹೆಲೆನ್ ಮದುವೆ ಹೊತ್ತಲ್ಲಿ ಯಾಕೆ ಬೇಡ ಅಂದಳು? ಆಮೇಲೆ ಪಶುವೈದ್ಯ ಜೇಮ್ಸ್‌ನನ್ನು ಮದುವೆಯಾಗೋಕೆ ಯಾಕೆ ಅಷ್ಟು ತಡ?

ನನಗೆ ಅನ್ನಿಸುವುದು, ಉತ್ತರ ಅವಳ ಮನೆಯಲ್ಲೇ ಇದೆ. ತಾಯಿ ಇಲ್ಲ. ತಂಗಿ ಜೆನ್ನಿಯನ್ನು ಸಾಕಿದವಳು ಅವಳೇ. ಅಪ್ಪನ ಜೊತೆ ದನ, ಕುರಿ ನೋಡಿಕೊಳ್ಳುವವಳೂ ಅವಳೇ. ಹ್ಯೂನನ್ನು ಕಟ್ಟಿಕೊಂಡರೆ ದೊಡ್ಡಮನೆಯ ಸೊಸೆ ಆಗಬಹುದಿತ್ತು. ಆದರೆ ಕೈ ಕೆಸರು ಮಾಡಿಕೊಂಡು ದುಡಿಯುವ ಬದುಕೇ ಅವಳಿಗೆ ಇಷ್ಟ. 2020ರ ಕ್ರಿಸ್‌ಮಸ್ ಕಂತಿನಲ್ಲಿ, ಮದುವೆಯ ಹಿಂದಿನ ರಾತ್ರಿ, ಅವಳೂ ಜೇಮ್ಸೂ ಒಂದು ಹೊಲದ ಮನೆಯಲ್ಲಿ ನಾಯಿಯ ಹೆರಿಗೆಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಇಬ್ಬರೂ ಪ್ರೀತಿಯ ಮಾತೇ ಆಡುವುದಿಲ್ಲ, ಜೊತೆಗೆ ಕೆಲಸ ಮಾಡುತ್ತಾರೆ ಅಷ್ಟೆ. ಅಲ್ಲಿ ಅವಳ ಮುಖ ನೋಡಿ, ಎಲ್ಲಾ ಗೊತ್ತಾಗುತ್ತೆ. ಹೆಲೆನ್ ಪಾತ್ರ ಮಾಡಿರುವ ರೇಚಲ್ ಶೆಂಟನ್ ನಟನೆ ಅದ್ಭುತ!

ತಡ ಆಗಿದ್ದಕ್ಕೆ ಕಾರಣ ಸರಳ. ಊರೆಲ್ಲಾ ನೋಡುವಾಗ ಒಂದು ಮದುವೆ ಮುರಿದವಳು ಮಾರನೇ ದಿನವೇ ಇನ್ನೊಬ್ಬನ ಕೈ ಹಿಡಿಯೋಕೆ ಆಗುತ್ತಾ? ಕಥೆ ನಡೆಯುವುದು 1930ರ ದಶಕದ ಯಾರ್ಕ್‌ಶೈರ್ ಹಳ್ಳಿಯಲ್ಲಿ. ಜೊತೆಗೆ ಜೇಮ್ಸ್‌ಗೆ ಗ್ಲಾಸ್ಗೋದ ಕೆಲಸದ ಸೆಳೆತ ಬೇರೆ. ಮೂರನೇ ಸೀಸನ್ನಿನ ಮೊದಲ ಕಂತಿನಲ್ಲೇ ಅವರ ಮದುವೆ ಇದೆ, ಬಿಡದೆ ನೋಡಿ.